ಶುಂಠಿ ಬಿಸ್ಕತ್ತಿನ ಏಳನೆಯ ಸಾಮಾನು

ದೊಡ್ಡಮ್ಮನ ಶುಂಠಿ ಬಿಸ್ಕತ್ತನ್ನು ಬಾಯಿಗಿಟ್ಟರೆ ಮೊದಲು ಕಟಕ್ಕೆಂದು ಮುರಿಯುತ್ತಿತ್ತು. ಆಮೇಲೆ ಅಗಿಯುವ ಮೊದಲೇ ನಾಲಿಗೆಯ ಮೇಲೆ ಪುಡಿಪುಡಿಯಾಗಿ ಉದುರಿ, ಗಂಟಲಲ್ಲಿ ಸಣ್ಣದೊಂದು ಖಾರ ಬಿಟ್ಟು ಮಾಯವಾಗುತ್ತಿತ್ತು. ಕಟಕ್ಕೆನ್ನುವ ಬಿಸ್ಕತ್ತು ಎಲ್ಲರ ಮನೆಯಲ್ಲೂ ಆಗುತ್ತದೆ, ಬಾಯಲ್ಲಿ ಉದುರುವ ಬಿಸ್ಕತ್ತೂ ಆಗುತ್ತದೆ. ಎರಡೂ ಒಂದರಲ್ಲೇ ಹೇಗೆ ಎನ್ನುವುದು ಮೂವತ್ತೈದು ವರ್ಷದಿಂದ ಯಾರಿಗೂ ಬಗೆಹರಿದಿರಲಿಲ್ಲ. ಕೇಳಿದವರಿಗೆಲ್ಲ ದೊಡ್ಡಮ್ಮನದು ಒಂದೇ ಉತ್ತರ.

"ಆರು ಸಾಮಾನು ಹೇಳ್ತೀನಿ, ಬರ್ಕೊಳಿ. ಹಿಟ್ಟು, ಸಕ್ಕರೆ, ಎಣ್ಣೆ, ಶುಂಠಿ, ಸೋಡಾ, ಉಪ್ಪು. ಏಳನೇದು ಮಾತ್ರ ಕೇಳಬೇಡಿ."

ಹೀಗೆ ಹೇಳುವಾಗ ಅವಳ ಗಲ್ಲ ಒಂದಿಷ್ಟು ಮೇಲೇರುತ್ತಿತ್ತು. ಬೀದಿಯವರಿಗೆ ಅವಳು ನಿಜಕ್ಕೂ ದೊಡ್ಡಮ್ಮನೇನಲ್ಲ. ಮೈದುನನ ಮಕ್ಕಳು ಕರೆದದ್ದನ್ನು ಕೇಳಿ ಕೇಳಿ ಎಲ್ಲರೂ ಹಾಗೇ ಕರೆಯತೊಡಗಿದ್ದರು. ಈಗಂತೂ ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಎದುರುಮನೆಯ ಹಲ್ಲಿನ ಡಾಕ್ಟರೂ ಅವಳನ್ನು ದೊಡ್ಡಮ್ಮ ಎಂದೇ ಕೂಗುತ್ತಿದ್ದರು.

ಏಳನೆಯ ಸಾಮಾನು ಏನೆಂದು ಓದುಗರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಅದು ಅಂಗಡಿಯ ಬಿಸ್ಕತ್ತು. ಪೊಟ್ಟಣದಲ್ಲಿ ಬರುತ್ತದಲ್ಲ, ಚೌಕದ್ದು, ಅಂಚಿನಲ್ಲಿ ಹಲ್ಲುಹಲ್ಲಿನಂತೆ ಇರುವುದು, ಅದೇ. ಅದನ್ನು ನುಣ್ಣಗೆ ಪುಡಿಮಾಡಿ, ಮೂರು ಬಟ್ಟಲು ಹಿಟ್ಟಿಗೆ ಒಂದು ಬಟ್ಟಲಿನಂತೆ ದೊಡ್ಡಮ್ಮ ಕಲಸುತ್ತಿದ್ದಳು.

ಅದು ಶುರುವಾದದ್ದು ಅವಳು ಮದುವೆಯಾಗಿ ಬಂದ ಹೊಸತರಲ್ಲಿ. ಗಂಡನ ಬಸ್ ಡಿಪೋದ ಸ್ನೇಹಿತರು ಹೇಳದೆ ಕೇಳದೆ ಎಂಟು ಜನ ಬಂದು ಕೂತಿದ್ದರು. ಬಿಸ್ಕತ್ತಿಗೆ ಕಲಸಲು ಹೋದರೆ ಹಿಟ್ಟಿನ ಡಬ್ಬಿಯ ತಳ ಕಾಣುತ್ತಿತ್ತು. ಕಪಾಟಿನಲ್ಲಿ ಅರ್ಧ ಪೊಟ್ಟಣ ಮೆತ್ತಗಾದ ಅಂಗಡಿ ಬಿಸ್ಕತ್ತು ಬಿದ್ದಿತ್ತು. ಅದನ್ನೇ ಕುಟ್ಟಿ ಹಿಟ್ಟಿಗೆ ಸೇರಿಸಿದಳು. ಬಂದವರು ತಿಂದದ್ದಲ್ಲದೆ ಮನೆಗೂ ಕಟ್ಟಿಸಿಕೊಂಡು ಹೋದರು. ಅವತ್ತು ನಾದಿನಿ ಕೂಡ ಅಲ್ಲೇ ಇದ್ದಳು. ಗಂಡನಿಗೆ ಒಬ್ಬಳೇ ತಂಗಿ, ಮೂಗಿನ ತುದಿಯಲ್ಲೇ ಅನುಮಾನ. "ಏನು ಹಾಕಿದ್ರಿ ಅತ್ತಿಗೆ?" ಎಂದು ಕೇಳಿದಳು. ಹೊಸ ಸೊಸೆ, ಹಿಟ್ಟು ಸಾಲದೆ ಹಳೇ ಬಿಸ್ಕತ್ತು ಕುಟ್ಟಿ ಹಾಕಿದೆ ಎಂದು ಹೇಳುವುದು ಹೇಗೆ? "ಒಂದು ಸಾಮಾನಿದೆ ಬಿಡಿ" ಎಂದು ತಪ್ಪಿಸಿಕೊಂಡಳು. ಆ ಸಾಮಾನು ಅಂದಿನಿಂದ ಬೆಳೆಯುತ್ತಾ ಹೋಗಿ, ಅವಳ ಮರ್ಯಾದೆಯೆಲ್ಲ ಅದರ ಮೇಲೇ ನಿಲ್ಲುವಂತಾಯಿತು.

ಗುಟ್ಟು ಕಾಪಾಡಲು ಅವಳು ಮಾಡಿದ ದೊಡ್ಡ ಉಪಾಯವೆಂದರೆ ಅಂಗಡಿ ಬಿಸ್ಕತ್ತನ್ನು ಬಾಯ್ತುಂಬ ಬೈಯುವುದು. "ಅದೇನು ಬಿಸ್ಕತ್ತೇನ್ರೀ, ರಟ್ಟು! ನಮ್ಮನೆ ಹೊಸ್ತಿಲು ದಾಟಿ ಅದು ಒಳಗೆ ಬರಕೂಡದು" ಎನ್ನುತ್ತಿದ್ದಳು. ಮಗ ಚಿಕ್ಕವನಿದ್ದಾಗ ಗೆಳೆಯರ ಮನೆಯಲ್ಲಿ ಕದ್ದು ತಿನ್ನಬೇಕಾಗಿತ್ತು. ಇತ್ತ ಅವಳು ವಾರಕ್ಕೊಮ್ಮೆ ಕೈಚೀಲ ಹಿಡಿದು ಮೂರು ಬೀದಿ ಆಚೆಯ ಅಂಗಡಿಗೆ ಹೋಗಿ ನಾಲ್ಕು ಪೊಟ್ಟಣ ತರುತ್ತಿದ್ದಳು. ಮೊದಲ ಸಲ ಅಂಗಡಿಯವನು "ನಾಯಿಗಾ?" ಎಂದು ಕೇಳಿದ್ದಕ್ಕೆ ಹ್ಞೂಂ ಎಂದುಬಿಟ್ಟಿದ್ದಳು. ಆ ಲೆಕ್ಕದಲ್ಲಿ ಇಲ್ಲದ ಆ ನಾಯಿಗೆ ಈಗ ಹದಿನೆಂಟು ವರ್ಷ. "ನಾಯಿ ಗಟ್ಟಿಮುಟ್ಟಾಗಿದೆಯಾ ಅಮ್ಮಾ? ಹಲ್ಲು ಇನ್ನೂ ಇದೆಯಾ?" ಎಂದು ಅವನು ವಿಚಾರಿಸಿಕೊಳ್ಳುತ್ತಿದ್ದ. ತಂದ ಪೊಟ್ಟಣಗಳು ಹೊಲಿಗೆ ಮಿಷನ್ನಿನ ಮರದ ಮುಚ್ಚಳದ ಕೆಳಗೆ ಹೋಗಿ ಕೂರುತ್ತಿದ್ದವು.

ಪ್ರತಿ ಶನಿವಾರ ಮನೆಬಾಗಿಲಲ್ಲೇ ಬಿಸ್ಕತ್ತಿನ ಮಾರಾಟ. ಹೀಗೇ ನಡೆದುಕೊಂಡು ಹೋಗುತ್ತಿತ್ತು. ಸೊಸೆ ಆ ನಿಯಮಗಳ ಕಿರುಹೊತ್ತಗೆಯನ್ನು ಮನೆಗೆ ತರದಿದ್ದರೆ ಇನ್ನೂ ಹಾಗೇ ನಡೆಯುತ್ತಿತ್ತೇನೋ.

ಸೊಸೆ ವಿಮಾ ಕಚೇರಿಯಲ್ಲಿ ಗುಮಾಸ್ತೆ. ಎಲ್ಲಿಯಾದರೂ ಖಾಲಿ ಫಾರಂ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಅತ್ತೆ, ಮನೇಲಿ ತಿಂಡಿ ಮಾಡಿ ಮಾರೋರೆಲ್ಲ ಇನ್ಮೇಲೆ ಹೆಸರು ನೋಂದಾಯಿಸ್ಬೇಕಂತೆ. ನಿಯಮ ಬಂದಿದೆ. ನಾನು ನಿಮ್ಮ ಹೆಸರಲ್ಲಿ ಅರ್ಜಿ ಹಾಕಿಬಿಟ್ಟೆ."

"ನನ್ನ ಒಂದು ಮಾತು ಕೇಳೋದಲ್ವೇನೇ?"

"ಕೇಳಿದ್ರೆ ಬೇಡ ಅಂತಿದ್ರಿ."

ಯಜಮಾನರು ಹೊತ್ತಗೆಯನ್ನು ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದರು. ಮೂವತ್ತು ವರ್ಷ ಬಸ್ಸುಗಳ ಹೊರಡುವ ವೇಳೆಯನ್ನು ಮೈಕಿನಲ್ಲಿ ಕೂಗಿ ನಿವೃತ್ತರಾದ ಗಂಟಲು ಅದು. ಕೂದಲು ಮುಚ್ಚಿಕೊಂಡಿರಬೇಕು. ಉಗುರು ಕತ್ತರಿಸಿರಬೇಕು. ಮನೆಯವರ ಅಡುಗೆಯೂ ಮಾರುವ ತಿಂಡಿಯೂ ಒಟ್ಟಿಗೆ ನಡೆಯಬಾರದು. ಸಾಕುಪ್ರಾಣಿ ಅಡುಗೆಮನೆಗೆ ಬರಬಾರದು. ತಿನ್ನುವವರ ಕೈಗೇ ಮಾರಬೇಕು, ಅಂಗಡಿಗೆ ಕೊಡಬಾರದು. ಬೇಗ ಹಳಸುವ ಪದಾರ್ಥಕ್ಕೆ ಅನುಮತಿಯಿಲ್ಲ. ಇಷ್ಟಕ್ಕೂ ದೊಡ್ಡಮ್ಮ "ಅದೇನು ಮಹಾ" ಎಂಬಂತೆ ಬಟ್ಟೆ ಮಡಚುತ್ತಾ ಕೂತಿದ್ದಳು. ಹದಿಮೂರನೆಯ ನಿಯಮಕ್ಕೆ ಅವಳ ಕೈ ನಿಂತಿತು.

"ಪ್ರತಿ ಪೊಟ್ಟಣದ ಮೇಲೆ ಚೀಟಿ ಅಂಟಿಸತಕ್ಕದ್ದು. ಅದರಲ್ಲಿ ಬಳಸಿದ ಎಲ್ಲಾ ಸಾಮಾನುಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯತಕ್ಕದ್ದು." ಯಜಮಾನರು ಕನ್ನಡಕದ ಮೇಲಿನಿಂದ ಹೆಂಡತಿಯನ್ನು ನೋಡಿದರು. "ಎಲ್ಲಾ ಅಂತ ಒತ್ತಿ ಹಾಕಿದ್ದಾರೆ ಕಣೇ."

ಮುಂದಿನ ವಾರ ಆಹಾರ ಕಚೇರಿಯಿಂದ ಪರೀಕ್ಷೆಗೆ ಬಂದವಳು ಇಪ್ಪತ್ತೈದು ದಾಟದ ಹುಡುಗಿ. ಮೆತ್ತಗಿನ ದನಿ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಕೂದಲು, ಕೈಯಲ್ಲೊಂದು ರಟ್ಟಿನ ಹಲಗೆ. ಇವಳನ್ನು ಮಾತಿನಲ್ಲೇ ಗೆಲ್ಲಬಹುದು ಎಂದುಕೊಂಡ ದೊಡ್ಡಮ್ಮ ಬಾಗಿಲಲ್ಲೇ ತಟ್ಟೆ ತುಂಬ ಬಿಸ್ಕತ್ತು ಮುಂದೆ ಹಿಡಿದಳು.

"ಬೇಡಮ್ಮಾ, ಪರೀಕ್ಷೆಗೆ ಬಂದ ಕಡೆ ತಿನ್ನೋ ಹಾಗಿಲ್ಲ" ಎಂದು ಹುಡುಗಿ ನಕ್ಕು, ತಟ್ಟೆಯನ್ನು ದಾಟಿ ಸೀದಾ ನಲ್ಲಿಯ ಹತ್ತಿರ ಹೋದಳು. ನೀರು ಹಿಡಿದು ನೋಡಿದಳು. ಡಬ್ಬಿಗಳ ಮುಚ್ಚಳ ತೆಗೆದಳು. ಒಲೆಯ ಹಿಂದೆ ಬಗ್ಗಿ ಟಾರ್ಚು ಬಿಟ್ಟಳು. ಹೊಲಿಗೆ ಮಿಷನ್ನಿನ ಮುಚ್ಚಳದ ಮೇಲೆ ಸುರುಳಿ ಸುತ್ತಿಕೊಂಡು ಮಲಗಿದ್ದ ಬೆಕ್ಕನ್ನು ಬಾಗಿಲಿನಿಂದಲೇ ಕಂಡು, "ಇದು ಅಡುಗೆಮನೆಗೆ ಬರುತ್ತಾ?" ಎಂದು ಕೇಳಿದಳು.

"ಛೆ ಛೆ, ಅದು ಆ ಜಾಗ ಬಿಟ್ಟು ಅಲ್ಲಾಡೋದೇ ಇಲ್ಲ" ಎಂದಳು ದೊಡ್ಡಮ್ಮ. ಬೆಕ್ಕು ಒಳ್ಳೆಯ ಕಾವಲುಗಾರ ಎನಿಸಿ ಮೊದಲ ಸಲ ಅದರ ಮೇಲೆ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಯಜಮಾನರು ಎಂದಿನ ಅಭ್ಯಾಸದಂತೆ ಒಳಬಂದು, ಕಲಸಿಟ್ಟಿದ್ದ ಹಿಟ್ಟಿಗೆ ಬೆರಳು ಹಾಕಿ ನೆಕ್ಕಿದರು. ಹುಡುಗಿ ಅದನ್ನು ನೋಡಿ, ಹಲಗೆಯ ಮೇಲೆ ಏನೋ ಬರೆದಳು. ಆಮೇಲೆ ಸೊಸೆ ಅದನ್ನು ಓದಿ ಹೇಳಿದಳು: 'ಬಿಸ್ಕತ್ತು ಮಾಡುವ ಹೊತ್ತಿನಲ್ಲಿ ಬೆಕ್ಕು ಹಾಗೂ ಮನೆಯ ಯಜಮಾನರಿಗೆ ಅಡುಗೆಮನೆಗೆ ಪ್ರವೇಶವಿಲ್ಲ.'

ಎಲ್ಲ ಮುಗಿದು ಚೀಟಿಯ ಮಾತು ಬಂತು. ದೊಡ್ಡಮ್ಮ ಮೊದಲೇ ಬರೆದಿಟ್ಟಿದ್ದ ಕಾಗದವನ್ನು ಕೊಟ್ಟಳು. ಆರು ಸಾಮಾನಿನ ಹೆಸರಿನ ಕೆಳಗೆ 'ಮತ್ತು ಇತರೆ' ಎಂದಿತ್ತು.

"ಇತರೆ ಅಂದ್ರೆ ಏನಮ್ಮಾ?"

"ಅದೊಂದು ಪುಡಿ ತಾಯಿ."

"ಯಾವ ಪುಡಿ?"

"ಹೀಗೇ… ಕೈರುಚಿ ಅಂತಾರಲ್ಲ, ಅದು."

"ಕೈರುಚಿ ಒಂದು ಸಲಕ್ಕೆ ಎಷ್ಟು ಗ್ರಾಂ ಹಾಕ್ತೀರಿ?" ಹುಡುಗಿ ಪೆನ್ನು ಹಿಡಿದು ಕಾಯುತ್ತಾ ಕೇಳಿದಳು. ಕೊಂಕು ಎಳ್ಳಷ್ಟೂ ಇರಲಿಲ್ಲ. ಅದೇ ದೊಡ್ಡಮ್ಮನಿಗೆ ಇನ್ನಷ್ಟು ಕಷ್ಟವಾಯಿತು.

"ಮೂರಕ್ಕೆ ಒಂದು" ಎಂದು ಬಾಯಿಗೆ ಬಂದದ್ದನ್ನು ನುಂಗಿ, "ಸ್ವಲ್ಪ" ಎಂದಳು.

"ತೂಕ ಇರೋದೆಲ್ಲ ಬರೀಲೇಬೇಕಮ್ಮಾ. ಅಂಗಡಿಯಿಂದ ತಂದದ್ದಾದ್ರೆ ಅದರೊಳಗೆ ಏನೇನಿದೆಯೋ ಅದನ್ನೂ ಬರೀಬೇಕು. ಎರಡು ವಾರ ಟೈಮಿದೆ, ನಿಧಾನವಾಗಿ ಯೋಚಿಸಿ."

ಹುಡುಗಿ ಹೋದ ಮೇಲೂ 'ಅಂಗಡಿಯಿಂದ ತಂದದ್ದು' ಎನ್ನುವ ಮಾತು ದೊಡ್ಡಮ್ಮನ ಬೆನ್ನಮೇಲೆ ತಣ್ಣಗೆ ಹರಿದಾಡಿತು. ಗೊತ್ತಾಗಿ ಹೇಳಿದಳೋ, ಗೊತ್ತಿಲ್ಲದೆ ಹೇಳಿದಳೋ?

ಸುದ್ದಿ ನಾದಿನಿಯನ್ನು ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಊರಿನ ಇನ್ನೊಂದು ತುದಿಯಿಂದ ಅವಳ ಫೋನು ಬಂತು. ಆ ದನಿಯಲ್ಲಿದ್ದ ಖುಷಿಗೆ ರಿಸೀವರು ಬಿಸಿಯಾದಂತಿತ್ತು.

"ಕೊನೆಗೂ ಕಾನೂನು ನನ್ನ ಕಡೆ ಬಂತಲ್ಲ ಅತ್ತಿಗೆ! ನಿಮ್ಮ ಏಳನೇದು ಹುಡುಕ್ತಾ ಜಾಯಿಕಾಯಿ ಹಾಕಿ ನೋಡ್ದೆ, ಜೋಳದ ಹಿಟ್ಟು ಹಾಕಿ ನೋಡ್ದೆ, ಒಂದ್ಸಲ ಅನ್ನದ ಗಂಜೀನೂ ಹಾಕ್ದೆ. ಮೊದಲನೇ ಚೀಟಿ ಅಂಟಿಸೋ ಶನಿವಾರ ನಾನು ಬರ್ತಿದ್ದೀನಿ. ಹೊಸ ಕನ್ನಡಕ ಮಾಡಿಸ್ಕೊಂಡೇ ಬರ್ತೀನಿ."

ದೊಡ್ಡಮ್ಮನಿಗೆ ಉಳಿದದ್ದು ಒಂದೇ ದಾರಿ: ಏಳನೆಯದನ್ನು ಬಿಟ್ಟು ಆರರಲ್ಲೇ ಬಿಸ್ಕತ್ತು ಮಾಡುವುದು. ಮರುದಿನವೇ ಮಾಡಿದಳು. ಮಗ ನೀರಿನ ಪಂಪ್‌ಹೌಸಿನ ಪಾಳಿ ಮುಗಿಸಿ ಬಂದು ಒಂದನ್ನು ಕಚ್ಚಿ, ಕಚ್ಚಿದಂತೆಯೇ ಬಾಯಿಂದ ಹೊರತೆಗೆದು ಬೆಳಕಿಗೆ ಹಿಡಿದು ನೋಡಿದ. "ಅಮ್ಮಾ, ಇದನ್ನ ಮೊದಲು ಎದುರುಮನೆ ಡಾಕ್ಟರಿಗೆ ಕೊಡು. ಗಿರಾಕಿ ಜಾಸ್ತಿಯಾಗ್ತಾರೆ" ಎಂದ. ಆಮೇಲೆ ಹಿಟ್ಟು ಹುರಿದು ಮಾಡಿದಳು. ತೆಗೆಯುವಾಗಲೇ ಬೂದಿಯಂತೆ ಚೆದುರಿತು. ರವೆ ಸೇರಿಸಿದಳು, ಮರಳು ತಿಂದಂತಾಯಿತು. ಎಣ್ಣೆ ಹೆಚ್ಚಿಸಿದಳು, ತಟ್ಟೆಗೆ ಅಂಟಿಕೊಂಡು ಚಾಕುವಿಗೂ ಜಗ್ಗಲಿಲ್ಲ. ಕೆಟ್ಟ ಬಿಸ್ಕತ್ತುಗಳೆಲ್ಲ ಒಂದು ದೊಡ್ಡ ತಗಡಿನ ಡಬ್ಬಿ ಸೇರಿದವು. ಯಜಮಾನರು ದಿನವೂ ಸಂಜೆ ಆ ಡಬ್ಬಿಯನ್ನು ಅಲ್ಲಾಡಿಸಿ, "ಇವತ್ತಿನ ಸದ್ದು ನಿನ್ನೆಗಿಂತ ಗಟ್ಟಿ" ಎಂದು ವರದಿ ಕೊಡುತ್ತಿದ್ದರು.

ವಾರ ಕಳೆಯಿತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರದ ಹೊತ್ತಿನಲ್ಲಿ ದೊಡ್ಡಮ್ಮನಿಗೆ ಹೊಸದೊಂದು ಯೋಚನೆ ಹೊಳೆಯಿತು. ಅಂಗಡಿ ಬಿಸ್ಕತ್ತಿನೊಳಗೆ ಅಂಥದ್ದೇನಿದೆ ಎಂದು ತಿಳಿದರೆ ಅದನ್ನಷ್ಟೇ ತಂದು ಹಾಕಬಹುದಲ್ಲ! ಬೆಕ್ಕನ್ನು ಎಬ್ಬಿಸಿ, ಮುಚ್ಚಳ ತೆಗೆದು, ಒಂದು ಪೊಟ್ಟಣ ಹೊರತೆಗೆದಳು. ಯಜಮಾನರು ಪತ್ರಿಕೆ ಓದುವ ಭೂತಕನ್ನಡಿ ಹಿಡಿದು ಕಿಟಕಿಯ ಬಳಿ ಕೂತಳು. ಹದಿನೆಂಟು ವರ್ಷ ಅದೇ ಅಂಗಡಿಯಿಂದ, ಅದಕ್ಕೂ ಮೊದಲು ಬೇರೆ ಅಂಗಡಿಗಳಿಂದ ತಂದಿದ್ದಳು. ಆ ಇರುವೆ ಸಾಲಿನಂಥ ಅಕ್ಷರಗಳನ್ನು ಒಮ್ಮೆಯೂ ಓದಿರಲಿಲ್ಲ.

ಗೋಧಿ ಹಿಟ್ಟು. ಸಕ್ಕರೆ. ತಾಳೆ ಎಣ್ಣೆ. ಹಾಲಿನ ಪುಡಿ.

ಭೂತಕನ್ನಡಿ ಅಲ್ಲೇ ನಿಂತಿತು. ಅವಳು ಅದನ್ನು ಹಿಂದೆ ಸರಿಸಿ, ಮುಂದೆ ಸರಿಸಿ ಮತ್ತೆ ಓದಿದಳು. ಹಾಲಿನ ಪುಡಿ ಎಂದೇ ಇತ್ತು. ಅವಳಿಗೆ ನಾದಿನಿ ಮರೆತುಹೋದಳು, ಆಹಾರ ಕಚೇರಿಯ ಹುಡುಗಿ ಮರೆತುಹೋದಳು. ಕಣ್ಮುಂದೆ ಬಂದು ನಿಂತವನು ಗಡಿಯಾರಪ್ಪ.

ಬೀದಿಯ ಮೂಲೆಯಲ್ಲಿ ಕೈಗಡಿಯಾರ ರಿಪೇರಿ ಮಾಡುವವನಿಗೆ ಅದೇ ಹೆಸರು ನಿಂತಿತ್ತು. ಹಾಲು ಅವನ ಮೈಗೆ ಆಗದು. ಕುಡಿದರೆ ಮೈಯೆಲ್ಲ ದದ್ದು. ಚಹಾವನ್ನೂ ಕಪ್ಪಗೇ ಕುಡಿಯುವವನು. ನಾಲ್ಕು ವರ್ಷದ ಹಿಂದೆ ಮೊದಲ ಸಲ ಬಿಸ್ಕತ್ತು ಕೊಳ್ಳುವಾಗ, "ಹಾಲು, ಬೆಣ್ಣೆ ಏನೂ ಇಲ್ವಲ್ಲ ದೊಡ್ಡಮ್ಮಾ?" ಎಂದು ಎರಡು ಸಲ ಕೇಳಿದ್ದ. "ಒಂದು ತೊಟ್ಟೂ ಇಲ್ಲ, ಬರೀ ಎಣ್ಣೆ. ನನ್ನಾಣೆ" ಎಂದಿದ್ದಳು. ಅಂದಿನಿಂದ ಪ್ರತಿ ಶನಿವಾರ ಒಂದು ಪೊಟ್ಟಣ. ಪ್ರತಿ ಭಾನುವಾರ ಕುತ್ತಿಗೆ ಕೆರೆತ. ಅವನು ಸೋಪು ಬದಲಿಸಿದ. ದಿಂಬು ಬದಲಿಸಿದ. ಅಕ್ಕ ಹೆಣೆದುಕೊಟ್ಟಿದ್ದ ಉಣ್ಣೆಯ ಮಫ್ಲರಿನ ಮೇಲೆ ಅನುಮಾನ ಬಂದು ಅದನ್ನು ಎಸೆದುಬಿಟ್ಟ. ಕಳೆದ ತಿಂಗಳು ಕಣ್ಣಿನ ರೆಪ್ಪೆ ಊದಿಕೊಂಡು, ಭೂತಗಾಜು ಕಣ್ಣಿಗಿಡಲಾಗದೆ ಎರಡು ದಿನ ಅಂಗಡಿ ಮುಚ್ಚಿದ್ದ. ಆಗ ದೊಡ್ಡಮ್ಮನೇ ಹೋಗಿ, "ಧೂಳಿಗೆ ಕಣಪ್ಪಾ, ಒದ್ದೆ ಬಟ್ಟೆ ಇಟ್ಕೊ" ಎಂದು ಬುದ್ಧಿ ಹೇಳಿ, ಪಾಪ ಎಂದು ಇನ್ನೊಂದು ಪೊಟ್ಟಣ ಬಿಸ್ಕತ್ತನ್ನೂ ಕೊಟ್ಟು ಬಂದಿದ್ದಳು.

ಅದು ನೆನಪಾಗಿ ಅವಳಿಗೆ ಕೂತಲ್ಲೇ ಮೈ ಸುಟ್ಟಂತಾಯಿತು. ಎದ್ದು ಚಪ್ಪಲಿ ಮೆಟ್ಟಿದಳು. ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಸೊಸೆಯದು. ಬೀದಿಯ ಅರ್ಧ ದಾರಿಯಲ್ಲಿ ಗೊತ್ತಾದರೂ ಹಿಂತಿರುಗಲಿಲ್ಲ.

ಗಡಿಯಾರಪ್ಪ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಬಿಚ್ಚಿಟ್ಟ ಗಡಿಯಾರವೊಂದರ ಹೊಟ್ಟೆಯೊಳಗೆ ಚಿಮುಟ ಆಡಿಸುತ್ತಿದ್ದ. ಗೋಡೆಯ ಮೇಲಿನ ಗಡಿಯಾರಗಳು ತಮಗೆ ತೋಚಿದ ಹೊತ್ತನ್ನು ತೋರಿಸುತ್ತಿದ್ದವು.

"ಕೆರೆತಕ್ಕೆ ಕಾರಣ ಸಿಕ್ತು ಕಣಪ್ಪಾ" ಎಂದಳು ದೊಡ್ಡಮ್ಮ, ಏದುಸಿರು ಬಿಡುತ್ತಾ.

"ಏನು ದೊಡ್ಡಮ್ಮಾ?"

"ನಾನು."

ಅವನು ಗಾಜು ತೆಗೆದು ಕೆಳಗಿಟ್ಟ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಎಂಟು ಜನ ಸ್ನೇಹಿತರು, ಹಿಟ್ಟಿನ ಡಬ್ಬಿ, ಇಲ್ಲದ ನಾಯಿ, ಮಿಷನ್ನಿನ ಮುಚ್ಚಳ, ಇರುವೆ ಸಾಲಿನಂಥ ಅಕ್ಷರ. ಯಾರಿಗೂ ಹೇಳದ್ದನ್ನು ಕೈಗಡಿಯಾರ ರಿಪೇರಿಯವನಿಗೆ ಹೇಳುತ್ತಿದ್ದೇನಲ್ಲ ಎಂದು ಮಧ್ಯೆ ಒಮ್ಮೆ ಅನಿಸಿತು, ಆದರೆ ಮಾತು ನಿಲ್ಲಲಿಲ್ಲ. "ಗೊತ್ತಿದ್ದು ಮಾಡಿದ್ದಲ್ಲ. ಆದ್ರೆ ಆಣೆ ಇಡೋ ಮೊದಲು ಓದಬೇಕಿತ್ತು. ತಪ್ಪಾಯ್ತು" ಎಂದು ಮುಗಿಸಿದಳು.

ಗಡಿಯಾರಪ್ಪ ಕುತ್ತಿಗೆಯ ಮೇಲೆ ಕೈಯಾಡಿಸಿಕೊಂಡ. ಆಮೇಲೆ ಬಾಯಿಂದ ಬಂದದ್ದು ಒಂದೇ ಮಾತು.

"ಅಯ್ಯೋ, ನನ್ನ ಮಫ್ಲರು!"

ದೊಡ್ಡಮ್ಮ ಅಳುವುದೋ ನಗುವುದೋ ತಿಳಿಯದೆ ಮುಖ ಮುಚ್ಚಿಕೊಂಡಳು. ಅವನು ಸ್ಟೂಲನ್ನು ಅವಳ ಕಡೆ ತಳ್ಳಿದ. "ಕೂತ್ಕೊಳಿ. ಸಿಟ್ಟು ಬಂದಿಲ್ಲ ಅಂದ್ರೆ ಸುಳ್ಳಾಗುತ್ತೆ ದೊಡ್ಡಮ್ಮಾ. ರೆಪ್ಪೆ ಊದ್ದಾಗ ಕಣ್ಣೇ ಹೋಗುತ್ತೇನೋ ಅಂತ ಹೆದರಿಬಿಟ್ಟಿದ್ದೆ. ನಿಮ್ಮ ಗುಟ್ಟು ತಗೊಂಡು ನಾನೇನು ಮಾಡ್ಲಿ? ಹಾಲಿದೆ ಅಂದಿದ್ರೆ ತಿಂತಿರ್ಲಿಲ್ಲ, ಅಷ್ಟೇ ತಾನೆ?" ಚಿಮುಟವನ್ನು ಬದಿಗಿಟ್ಟು, "ಹೇಳೋಕೆ ಬಂದ್ರಲ್ಲ, ಅದು ದೊಡ್ಡದು. ನಾನು ಯಾರಿಗೂ ಬಾಯಿ ಬಿಡಲ್ಲ" ಎಂದ.

"ನೀನು ಬಿಡದೇ ಇದ್ರೂ ನಾನು ಬಿಡ್ತೀನಿ. ನಿನ್ನ ಥರ ಇನ್ನೆಷ್ಟು ಜನ ಕೆರ್ಕೊಳ್ತಾ ಇದ್ದಾರೋ, ಯಾರಿಗೆ ಗೊತ್ತು" ಎಂದು ದೊಡ್ಡಮ್ಮ ಎದ್ದಳು.

ಅವತ್ತು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಅವಳು ಪೊಟ್ಟಣವನ್ನು ತಂದು ಮಧ್ಯದಲ್ಲಿ ಇಟ್ಟಳು. ಹೊಸ್ತಿಲು ದಾಟಬಾರದ ವಸ್ತು ಊಟದ ಜಾಗಕ್ಕೇ ಬಂದದ್ದು ಕಂಡು ಮಗನ ತುತ್ತು ಅರ್ಧಕ್ಕೇ ನಿಂತಿತು.

"ಏಳನೇದು ಇದು" ಎಂದಳು.

ಸೊಸೆ ಪೊಟ್ಟಣವನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮಗ ನಗಲು ಶುರುಮಾಡಿದವನು ಕೆಮ್ಮು ಹತ್ತಿ ನೀರು ಕುಡಿದು ಮತ್ತೆ ನಕ್ಕ. "ಚಿಕ್ಕವನಿದ್ದಾಗ ಇದನ್ನ ತಿಂದಿದ್ದಕ್ಕೆ ನನ್ನ ಕಿವಿ ಹಿಂಡಿದ್ದೆಯಲ್ಲಮ್ಮಾ!" ಎಂದ. ಯಜಮಾನರು ಮಾತ್ರ ಶಾಂತವಾಗಿ ಉಪ್ಪಿನ ಬಟ್ಟಲು ಹತ್ತಿರಕ್ಕೆಳೆದುಕೊಂಡರು.

"ಮಿಷನ್ ಮುಚ್ಚಳದ ಕೆಳಗಿಂದ ತಾನೇ?"

ದೊಡ್ಡಮ್ಮನ ಕೈ ಗಾಳಿಯಲ್ಲೇ ನಿಂತಿತು. "ನಿಮಗೆ ಗೊತ್ತಿತ್ತಾ?"

"ಮೂವತ್ತು ವರ್ಷದಿಂದ. ಒಂದಿನ ಗುಂಡಿ ಹುಡುಕೋಕೆ ಹೋದೆ."

"ಮತ್ತೆ ಒಂದು ದಿನಾನೂ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಜಾಗ ಬದಲಾಯಿಸ್ತಿದ್ದೆ. ನನಗೆ ವಾರಕ್ಕೆ ನಾಲ್ಕು ಬಿಸ್ಕತ್ತು ತಪ್ಪಿ ಹೋಗ್ತಿತ್ತು." ಯಜಮಾನರು ಮೀಸೆಯಲ್ಲೇ ನಕ್ಕರು. "ಅದೂ ಅಲ್ದೆ, ಏಳನೇದು ಕೇಳಬೇಡಿ ಅಂತ ನೀನು ಗಲ್ಲ ಎತ್ತೋದು ನೋಡೋಕೆ ಚೆನ್ನಾಗಿರ್ತಿತ್ತು ಕಣೇ."

ಪೊಟ್ಟಣದಲ್ಲಿ ಎಣಿಕೆಗೆ ಕಡಿಮೆ ಬರುತ್ತಿದೆ ಎಂದು ಎಷ್ಟೋ ಸಲ ಆ ಬಡಪಾಯಿ ಅಂಗಡಿಯವನ ಜೊತೆ ಜಗಳವಾಡಿದ್ದು ನೆನಪಾಗಿ ದೊಡ್ಡಮ್ಮ ಗಂಡನ ಕಡೆ ಸೌಟು ಎತ್ತಿದಳು. ಆದರೆ ಮೂವತ್ತೈದು ವರ್ಷದ ಭಾರ ಇಳಿದ ಕೈಯಲ್ಲಿ ಬಲವೇ ಇರಲಿಲ್ಲ. ಸೌಟು ಹಾಗೇ ಸಾರಿನ ಪಾತ್ರೆಗೆ ಇಳಿಯಿತು.

ಚೀಟಿಯನ್ನು ಸೊಸೆಯೇ ಬರೆದಳು. ಪುಡಿಯನ್ನು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಸೇರಿಸೋಣವೇ ಎಂದು ದೊಡ್ಡಮ್ಮ ಒಮ್ಮೆ ಆಸೆಪಟ್ಟಳು. ತೂಕ ಹಾಕಿ ನೋಡಿದರೆ ಹಿಟ್ಟು, ಸಕ್ಕರೆ ಬಿಟ್ಟರೆ ಅದೇ ಜಾಸ್ತಿ. ಮೂರನೆಯ ಜಾಗದಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ 'ಅಂಗಡಿಯ ಬಿಸ್ಕತ್ತಿನ ಪುಡಿ' ಬಂದು ಕೂತಿತು, ತನ್ನ ಸಂಸಾರವನ್ನೆಲ್ಲ ಕಟ್ಟಿಕೊಂಡು: ಗೋಧಿ ಹಿಟ್ಟು, ಸಕ್ಕರೆ, ತಾಳೆ ಎಣ್ಣೆ, ಹಾಲಿನ ಪುಡಿ, ಇನ್ನೂ ಏನೇನೋ. ಆಹಾರ ಕಚೇರಿಯ ಹುಡುಗಿ ಬಂದು ಅದನ್ನು ಓದುವಾಗ ದೊಡ್ಡಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಈಗ ನಗುತ್ತಾಳೆ, ಈಗ ನಗುತ್ತಾಳೆ. ಹುಡುಗಿ ನಗಲಿಲ್ಲ. "ಹಾಲು, ಗೋಧಿ ಎರಡನ್ನೂ ದಪ್ಪಕ್ಷರದಲ್ಲಿ ಹಾಕಿ, ಆಗದೇ ಇರೋರಿಗೆ ಕಾಣಲಿ" ಎಂದು ತಿದ್ದಿ ಸಹಿ ಹಾಕಿದಳು. ಬಾಗಿಲ ತನಕ ಹೋದವಳು ತಿರುಗಿ, "ವಾಸನೆ ತುಂಬಾ ಚೆನ್ನಾಗಿದೆಯಮ್ಮಾ" ಎಂದು ಬಾಯಲ್ಲೂರಿದ ನೀರು ನುಂಗಿ ಇಳಿದುಹೋದಳು.

ಗಡಿಯಾರಪ್ಪನ ಬಿಸ್ಕತ್ತಿಗೆ ದಾರಿ ಹೊಳೆದದ್ದು ಸೊಸೆಗೆ. "ಅತ್ತೆ, ತಗಡಿನ ಡಬ್ಬಿಲಿರೋ ಗಟ್ಟಿ ಬಿಸ್ಕತ್ತಲ್ಲಿ ಹಾಲಿಲ್ವಲ್ಲ, ಅದನ್ನೇ ಪುಡಿ ಮಾಡಿ ಹಾಕಿದ್ರೆ?" ಎಂದಳು. ಹಾಕಿದರು. ಬೇರೆ ದಿನ, ಬೇರೆ ತಟ್ಟೆ, ಬೇರೆ ಬಟ್ಟಲು. ಕಟಕ್ಕೆನ್ನುವುದು ಸರಿಯಾಗಿತ್ತು, ಉದುರುವುದು ಒಂದು ಗುಲಗಂಜಿ ಕಡಿಮೆ. ಗಡಿಯಾರಪ್ಪ ತಿಂದು ಎರಡು ದಿನ ಕನ್ನಡಿಯ ಮುಂದೆ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿಕೊಂಡು, "ಏನೂ ಇಲ್ಲ ದೊಡ್ಡಮ್ಮಾ, ನುಣ್ಣಗಿದೆ!" ಎಂದು ಬೀದಿಯಿಂದಲೇ ಕೂಗಿದ.

ಚೀಟಿಯ ಮೊದಲ ಶನಿವಾರ ಬಂತು. ದೊಡ್ಡಮ್ಮ ಬೆಳಗಿನಿಂದ ಎದೆ ಗಟ್ಟಿ ಮಾಡಿಕೊಂಡು ಕೂತಿದ್ದಳು. ಟೈಲರು ಬಂದ, ಪೊಟ್ಟಣ ತೆಗೆದುಕೊಂಡ, ಚೀಟಿಯ ನಡುವೆಯೇ ಹರಿದು ಒಂದು ಬಾಯಿಗೆ ಹಾಕಿಕೊಂಡು ಹೋದ. ಶಾಲೆಯ ಟೀಚರು ಚೀಲಕ್ಕೆ ಇಳಿಸಿದರು. ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಯಾರದೋ ಫೋನ್ ನಂಬರು ಬರೆದುಕೊಂಡರು. ಮಧ್ಯಾಹ್ನದವರೆಗೂ ಒಬ್ಬರೂ ಓದಲಿಲ್ಲ. ಎರಡು ವಾರ ನಿದ್ದೆ, ನೆಮ್ಮದಿ ಕಳೆದುಕೊಂಡದ್ದು ಇದಕ್ಕೋ ಎಂದು ಅವಳಿಗೆ ಒಳಗೊಳಗೇ ಬೇಸರವಾಯಿತು. ಕೊನೆಗೆ ತಡೆಯಲಾರದೆ ಬಂದವರಿಗೆಲ್ಲ ತಾನೇ, "ಹಾಲಿದೆ ನೋಡ್ಕೊಳಿ, ಚೀಟಿ ಓದಿ" ಎಂದು ಹೇಳತೊಡಗಿದಳು.

ನಾದಿನಿ ಬಂದದ್ದು ಮೂರು ಗಂಟೆಗೆ, ಹೊಸ ಕನ್ನಡಕದಲ್ಲಿ. ನೀರು ಕೂಡ ಕೇಳದೆ ಪೊಟ್ಟಣ ಹಿಡಿದು ಕಿಟಕಿಯ ಬಳಿ ನಿಂತಳು. ತುಟಿ ಅಲ್ಲಾಡುತ್ತಿತ್ತು. ಮೂರನೆಯ ಸಾಮಾನಿಗೆ ಬಂದಾಗ ನಿಂತಿತು. ನಿಧಾನವಾಗಿ ಕನ್ನಡಕ ತೆಗೆದು ಅತ್ತಿಗೆಯ ಕಡೆ ಮೆಚ್ಚುಗೆಯಿಂದ ನೋಡಿದಳು.

"ಭಲೇ ಅತ್ತಿಗೆ! ಕಾನೂನಿಗೇ ಟೋಪಿ ಹಾಕಿದ್ರಲ್ಲ!"

"ನಿಜ ಕಣೇ ಅದು."

"ನನಗೆ ಹೇಳ್ತೀರಾ? ಅಂಗಡಿ ಬಿಸ್ಕತ್ತು ಕಂಡ್ರೆ ಮೈಲಿ ದೂರ ಓಡೋರು ನೀವು. ನನ್ನ ದಾರಿ ತಪ್ಪಿಸೋಕೆ ಎಷ್ಟು ಚೆನ್ನಾಗಿ ಬರೆಸಿದ್ದೀರಿ!"

ದೊಡ್ಡಮ್ಮ ಆಣೆ ಇಡಲು ಹೊರಟವಳು ನಾಲಿಗೆ ಕಚ್ಚಿಕೊಂಡಳು. ಅಣ್ಣ ಹೇಳಿದರೂ ನಾದಿನಿ ನಂಬಲಿಲ್ಲ. ಅಣ್ಣ ಯಾವಾಗಲೂ ಅತ್ತಿಗೆಯ ಪಕ್ಷ. ಕೊನೆಗೆ ಎದುರಲ್ಲೇ ಮಾಡಿ ತೋರಿಸುವುದೆಂದಾಯಿತು. ಒಳಗೆ ಬರುವ ಹಾಗಿಲ್ಲವಾದ್ದರಿಂದ ನಾದಿನಿ ಅಡುಗೆಮನೆಯ ಬಾಗಿಲಾಚೆ ಕುರ್ಚಿ ಹಾಕಿಸಿಕೊಂಡಳು. ಒಂದು ಪಕ್ಕದಲ್ಲಿ ಅಣ್ಣ, ಇನ್ನೊಂದು ಪಕ್ಕದಲ್ಲಿ ಬೆಕ್ಕು. ಕೂದಲಿಗೆ ಬಟ್ಟೆ ಕಟ್ಟಿದ ದೊಡ್ಡಮ್ಮ ಒಂದೊಂದನ್ನೂ ಎತ್ತಿ ಹಿಡಿದು ತೋರಿಸಿ, ಹೆಸರು ಹೇಳಿ ಹಾಕಿದಳು. ಬಿಸ್ಕತ್ತು ಬೆಂದು ಬಂತು. ನಾದಿನಿ ಒಂದನ್ನು ಕಚ್ಚಿದಳು. ಕಟಕ್ಕೆಂದಿತು, ಉದುರಿತು, ಖಾರ ಬಿಟ್ಟಿತು.

"ನಾನು ಸೀನಿದೆ ನೋಡಿ, ಆಗೇನೋ ಹಾಕಿದ್ರಿ" ಎಂದಳು.

ಎಂಟು ದಿನ ಬಿಟ್ಟು ಅವಳು ಮತ್ತೆ ಬಂದಳು. ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಅತ್ತಿಗೆಯ ಮುಂದಿಟ್ಟಳು. ಚೀಟಿಯಲ್ಲಿದ್ದಂತೆಯೇ, ಒಂದು ಚಮಚ ಆಚೀಚೆಯಿಲ್ಲದೆ ಮಾಡಿ ತಂದಿದ್ದಳು. ದೊಡ್ಡಮ್ಮ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿದಳು.

"ನನ್ನದಕ್ಕಿಂತ ಒಂದು ಕೈ ಮೇಲಾಗಿದೆ ಕಣೇ."

"ಹಾಗಾದ್ರೆ ಅಷ್ಟೇನಾ?" ನಾದಿನಿಯ ದನಿ ಸಣ್ಣದಾಯಿತು. "ಮೂವತ್ತೈದು ವರ್ಷ ಜಾಯಿಕಾಯಿ ತೇದಿದ್ದು, ಗಂಜಿ ಬಸಿದಿದ್ದು, ಎಲ್ಲಾ ಇದಕ್ಕಾ? ಹೋಗಲಿ, ಅವತ್ತೇ ಹೇಳಬಾರದಿತ್ತಾ ಅತ್ತಿಗೆ?"

"ಹಿಟ್ಟು ಮುಗಿದಿತ್ತು. ನಾಚಿಕೆ ಆಯ್ತು."

"ನನ್ನ ಹತ್ರ?"

"ನಿನ್ನ ಹತ್ರಾನೇ. ನೀನೆಷ್ಟು ಜೋರಿದ್ದೆ ಆಗ!"

ನಾದಿನಿ ಅತ್ತಿಗೆಯ ತೋಳನ್ನು ಗಟ್ಟಿಯಾಗಿ ಚಿವುಟಿದಳು. ಚಿವುಟುತ್ತಲೇ ನಗು ಬಂತು. ದೊಡ್ಡಮ್ಮನಿಗೂ ಬಂತು. ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಒಳಗಿನಿಂದ ಸೊಸೆ ಏನಾಯಿತೋ ಎಂದು ಓಡಿಬಂದು, ನಿಂತು ನೋಡಿ, ಚಹಾಕ್ಕೆ ನೀರಿಡಲು ವಾಪಸು ಹೋದಳು.

ಐದೂವರೆಯ ಬಸ್ಸಿಗೆ ಹೋಗಬೇಕೆಂದಿದ್ದ ನಾದಿನಿ ಏಳೂವರೆಯದಕ್ಕೆ ಹೊರಟಳು. ಯಜಮಾನರು ನಿಲ್ದಾಣದವರೆಗೂ ಜೊತೆಗೆ ಹೋದರು.